ಭಾನುವಾರ ಬಿಚ್ಚಿದ ವೈಪರ್ ಸ್ವಿಚ್ಚು

ನನ್ನ ಹೆಸರು ಟೊಕಿಲುಪೆ ಮಾನುಮುವಾ, ಗಂಡ ದಿವಂಗತ ಸಿಕಾ ಮಾನುಮುವಾ, ವಯಸ್ಸು 63 ವರ್ಷ, ಕೆಲಸ ಮರದ ತೊಗಟೆ ಬಡಿದು ಬಟ್ಟೆ ಮಾಡುವುದು, ಅದಕ್ಕೂ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್, ವಾಸ ಚರ್ಚಿನ ಹಿಂಬದಿಯ ಎರಡನೇ ಮನೆ, ಫಾಂಗಾತವಾ ಗ್ರಾಮ, ವವಾಉ ದ್ವೀಪ, ಟೋಂಗಾ. ನನ್ನ ಮೇಲೆ ಬಂದಿರುವ ದೂರನ್ನು ಕಾನ್‌ಸ್ಟೆಬಲ್ ಹೇಕಿ ಅವರು ಎರಡು ಸಲ ಓದಿ ಹೇಳಿದ ಮೇಲೆ, ಯಾರ ಒತ್ತಾಯವೂ ಇಲ್ಲದೆ, ಅವರ ಎದುರಿಗೆ ಕೂತು ಬರೆಸುವುದೇನೆಂದರೆ:

ದೂರು ಕೊಟ್ಟಿರುವ ಫಿನೆಹಾಸಿ ನನ್ನ ಸ್ವಂತ ಅಣ್ಣನ ಮಗ. ವಯಸ್ಸು 47. ಊರಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾನೆ, ಚರ್ಚಿನ ಮೇಲ್ವಿಚಾರಕನೂ ಹೌದು. ಅವನು ನನ್ನ ಮೇಲೆ ಮೂರು ಆರೋಪ ಬರೆಸಿದ್ದಾನೆ. ನಮ್ಮ ದೇಶದ ಕಾನೂನಿನಲ್ಲಿ ನಿಷೇಧವಿದ್ದರೂ ಭಾನುವಾರ ಕೆಲಸ ಮಾಡಿದೆ ಎಂಬುದು ಒಂದು. ಕೆಟ್ಟ ಗಾಡಿಯನ್ನು ಮನೆಯಲ್ಲೇ ಬಿಚ್ಚಿ ಜೋಡಿಸಿ ಜನರನ್ನು ಹತ್ತಿಸಿದೆ ಎಂಬುದು ಇನ್ನೊಂದು. ಅವನ ತಾಯಿ ಕಲಿಸಿಯವರನ್ನು ಅವನಿಗೆ ತಿಳಿಸದೆ ಮನೆಯಿಂದ ಎತ್ತಿಕೊಂಡು ಹೋದೆ ಎಂಬುದು ಮೂರನೆಯದು. ಮೂರೂ ನಾನು ಮಾಡಿದ್ದೇ. ಹೇಗೆ ಮಾಡಿದೆ ಎಂಬುದನ್ನು ಮಾತ್ರ ಅವನು ಸರಿಯಾಗಿ ಬರೆಸಿಲ್ಲ. ಅದಕ್ಕೇ ಈ ಹೇಳಿಕೆ. ಯಾರು ಯಾವ ಮಾತು ಆಡಿದರೋ ಅದನ್ನು ಆಡಿದ ಹಾಗೇ ಬರೆದುಕೊಳ್ಳಬೇಕೆಂದು ಕಾನ್‌ಸ್ಟೆಬಲ್‌ರನ್ನು ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ.

ಸದರಿ ವ್ಯಾನು ನಮ್ಮ ಊರಿನ ಬಟ್ಟೆ ಬಡಿಯುವ ಹೆಂಗಸರ ಗುಂಪಿಗೆ ಸೇರಿದ್ದು. ಹನ್ನೆರಡು ಸೀಟಿನ ಹಳೇ ಜಪಾನ್ ಗಾಡಿ. ಓಡಿಸುವವನು ಪೆಸೆಟಿ, ವಯಸ್ಸು 34. ಸ್ಟೀರಿಂಗಿನ ಎಡಗಡೆ ಇರುವ ವೈಪರ್ ಸ್ವಿಚ್ಚಿನ ಕಡ್ಡಿ ಜನವರಿಯಿಂದ ತೊಂದರೆ ಕೊಡುತ್ತಿತ್ತು. ಮೊದಲು ನಿಧಾನದ ವೇಗ ಹೋಯಿತು. ಆಮೇಲೆ ಕಡ್ಡಿಯನ್ನು ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ವೈಪರ್ ಆಡುತ್ತಿತ್ತು. ಫೆಬ್ರವರಿ ಕೊನೆಗೆ ಒತ್ತಿದರೂ ಆಡಲಿಲ್ಲ.

ದಿನಾಂಕ 2-3-2017, ಗುರುವಾರ, ಬೆಳಿಗ್ಗೆ 10 ಗಂಟೆಗೆ ನಾನೂ ಪೆಸೆಟಿಯೂ ವ್ಯಾನನ್ನು ಫಿನೆಹಾಸಿಯ ಗ್ಯಾರೇಜಿಗೆ ಒಯ್ದೆವು. ಅದು ನನ್ನ ಮನೆಯಿಂದ ಸುಮಾರು 400 ಮೀಟರ್ ದೂರ. ಫಿನೆಹಾಸಿ ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿ ನೋಡಿ, ಮೋಟಾರು ಚೆನ್ನಾಗಿದೆ, ಸ್ವಿಚ್ಚು ಸವೆದಿದೆ, ಇಡೀ ಜೋಡಣೆಯನ್ನೇ ಬದಲಾಯಿಸಬೇಕು, ರಾಜಧಾನಿಯಿಂದ ಹಡಗಿನಲ್ಲಿ ಬರಲು ಮೂರು ವಾರ ಬೇಕು, 680 ಪಾಂಗಾ ಆಗುತ್ತದೆ ಎಂದ. ಅಷ್ಟು ಹಣಕ್ಕೆ ನಮ್ಮ ಗುಂಪಿನ ಹೆಂಗಸರು ಎರಡು ತಿಂಗಳು ತೊಗಟೆ ಬಡಿಯಬೇಕು. ಬಿಚ್ಚಿ ಒಳಗಿನ ತಾಮ್ರ ಉಜ್ಜಿ ನೋಡು ಎಂದು ನಾನು ಹೇಳಿದೆ. ಅವನು ಒಪ್ಪಲಿಲ್ಲ. ಹಿಂದೊಮ್ಮೆ ಹಾಗೆ ಉಜ್ಜಿ ಕೊಟ್ಟ ಗಾಡಿಯಲ್ಲಿ ಸ್ಟೀರಿಂಗ್ ಕೆಳಗಿನಿಂದ ಹೊಗೆ ಬಂದು, ಒಳಗಿದ್ದ ಹೆಂಗಸಿನ ಮೊಣಕಾಲು ಸುಟ್ಟಿತೆಂದೂ, ಅಂದಿನಿಂದ ಆ ಕೆಲಸ ಬಿಟ್ಟೆನೆಂದೂ ತಿಳಿಸಿದ. ಅವನು ಸುಳ್ಳು ಹೇಳುವವನಲ್ಲ. ಆ ಹೆಂಗಸು ನನಗೂ ಗೊತ್ತು.

ಇಪ್ಪತ್ತಾರು ವರ್ಷ ಎಕ್ಸ್‌ಚೇಂಜಿನಲ್ಲಿ ಇಂಥ ಸಾವಿರ ತಾಮ್ರದ ತುದಿಗಳನ್ನು ಉಜ್ಜಿದವಳು ನಾನು, ನಾನೇ ಬಿಚ್ಚುತ್ತೇನೆ ಎಂದೆ. ಅದಕ್ಕೆ ಅವನು ನಕ್ಕು, "ಅತ್ತೆ, ಟೆಲಿಫೋನೇ ಬೇರೆ, ಗಾಡೀನೇ ಬೇರೆ. ಟೆಲಿಫೋನ್ ಕೆಟ್ರೆ ಯಾರೂ ಸಮುದ್ರಕ್ಕೆ ಬೀಳಲ್ಲ. ನೀವು ಸುಮ್ನೆ ಬಟ್ಟೆ ಬಡೀರಿ" ಎಂದ. ಗ್ಯಾರೇಜಿನಲ್ಲಿದ್ದ ಇಬ್ಬರು ನಕ್ಕರು. ಪೆಸೆಟಿ ನಗಲಿಲ್ಲ, ಆದರೆ ನೆಲ ನೋಡಿದ. ಮಳೆ ಇಲ್ಲದ ದಿನ ಓಡಿಸಿಕೊಂಡಿದ್ದರಾಯಿತು ಎಂದು ಗುಂಪಿನವರು ತೀರ್ಮಾನಿಸಿದರು. ಗುಂಪಿನ ಗಾಡಿಯಾದ್ದರಿಂದ ನಾನೂ ಸುಮ್ಮನಾದೆ.

ದಿನಾಂಕ 5-3-2017, ಭಾನುವಾರ, ಬೆಳಗಿನ ಜಾವದಿಂದ ಮಳೆ. 6 ಗಂಟೆಯ ರೇಡಿಯೋದಲ್ಲಿ, ಪಶ್ಚಿಮಕ್ಕೆ ಹೋಗಬೇಕಿದ್ದ ಚಂಡಮಾರುತ ನಮ್ಮ ಕಡೆ ತಿರುಗಿದೆ, ಸಂಜೆ ಹೊತ್ತಿಗೆ ದ್ವೀಪದ ಮೇಲೆ ಬರಬಹುದು, ದಡದ ಮನೆಗಳವರು ಎತ್ತರಕ್ಕೆ ಹೋಗಬೇಕು ಎಂದರು. 6.30ಕ್ಕೆ ಕರೆಂಟು ಹೋಯಿತು. 7 ಗಂಟೆಗೆ ಊರ ಅಧಿಕಾರಿ ಮನೆಮನೆಗೆ ಬಂದು, ಗುಡ್ಡದ ಮೇಲಿನ ಶಾಲೆಯ ಹಾಲ್ ತೆರೆದಿದೆ, ನಡೆಯಬಲ್ಲವರು ನಡೆಯಿರಿ ಎಂದರು. ಹಾಲ್ ಇರುವುದು 3.2 ಕಿಲೋಮೀಟರ್ ದೂರ, ಜೇಡಿಮಣ್ಣಿನ ದಾರಿ, ಒಂದು ತಿರುವಿನಲ್ಲಿ ಎಡಗಡೆ ನೇರ ಸಮುದ್ರ. ನಡೆಯಲಾರದವರು ದಡದಲ್ಲಿ ಹನ್ನೊಂದು ಜನ ಇದ್ದರು. ಊರಲ್ಲಿ ಮೂರು ಪಿಕಪ್‌ಗಳಿವೆ, ಹಿಂದೆ ಮೂರಕ್ಕೂ ಮುಚ್ಚಿಗೆ ಇಲ್ಲ. ಹಾಸಿಗೆ ಹಿಡಿದವರನ್ನು ಆ ಮಳೆಯಲ್ಲಿ ಅವುಗಳ ಹಿಂದೆ ಮಲಗಿಸಲು ಆಗುತ್ತಿರಲಿಲ್ಲ. ಮುಚ್ಚಿದ ಗಾಡಿ ಎಂದರೆ ನಮ್ಮ ವ್ಯಾನು ಒಂದೇ.

7.25ಕ್ಕೆ ನಾನು ಪೆಸೆಟಿಗೆ ವ್ಯಾನನ್ನು ನನ್ನ ಅಡುಗೆ ಚಪ್ಪರದ ಪಕ್ಕ ತಂದು ನಿಲ್ಲಿಸಲು ಹೇಳಿದೆ. ಅವನು ತಂದ. ಪೆಟ್ಟಿಗೆಯಿಂದ ನಾನು ಸ್ಕ್ರೂಡ್ರೈವರ್ ತೆಗೆದದ್ದು ನೋಡಿ ಎರಡು ಹೆಜ್ಜೆ ಹಿಂದೆ ಸರಿದು, "ಅಮ್ಮಾ, ಇವತ್ತು ಭಾನುವಾರ" ಎಂದ.

"ಗಾಳೀಗೆ ಹೇಳ್ಬಾ ಅದನ್ನ" ಎಂದೆ.

"ಯಾರಾದ್ರೂ ನೋಡಿದ್ರೆ?"

"ನೋಡ್ಲಿ. ನೀನು ಏನೂ ಮುಟ್ಬೇಡ. ಛತ್ರಿ ಹಿಡ್ಕೊಂಡು ನಿಂತ್ಕೊ, ಸಾಕು."

ಈ ರಿಪೇರಿಯಲ್ಲಿ ಪೆಸೆಟಿ ಛತ್ರಿ ಹಿಡಿದದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಚರ್ಚಿಗೆ ಹೋಗುವವರೆಲ್ಲರೂ ಅಂದು ಛತ್ರಿ ಹಿಡಿದಿದ್ದರು. ಫಿನೆಹಾಸಿ ಅವನ ಹೆಸರನ್ನೂ ಬರೆಸಿದ್ದಾನೆ, ಅದನ್ನು ದೂರಿನಿಂದ ತೆಗೆಯಬೇಕು.

ನಾನು ಮಾಡಿದ್ದು ಇಷ್ಟು. ಮೊದಲು ಬ್ಯಾಟರಿಯ ಕಪ್ಪು ತಂತಿ ಬಿಚ್ಚಿದೆ. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಮೂರು ಸ್ಕ್ರೂ, ಸ್ವಿಚ್ಚಿನ ಎರಡು ಸ್ಕ್ರೂ ತೆಗೆದೆ. ಸ್ವಿಚ್ಚನ್ನು ಒಂದು ಬಿಳೀ ಬಟ್ಟೆಯೊಳಗೆ ಸುತ್ತಿಕೊಂಡು, ಬಟ್ಟೆಯೊಳಗೇ ಮುಚ್ಚಳ ಎಬ್ಬಿಸಿದೆ, ಒಳಗಿನ ಸ್ಪ್ರಿಂಗು ಮತ್ತು ಸಾಸಿವೆ ಗಾತ್ರದ ಗುಂಡು ಹಾರಿ ಹೋಗದಿರಲಿ ಎಂದು. ಒಳಗೆ ಜಾರುವ ತಾಮ್ರದ ಪಟ್ಟಿಯ ತುದಿ ಸುಟ್ಟು ಕಪ್ಪಾಗಿ, ಅರ್ಧದಷ್ಟು ಸವೆದು ಹೋಗಿತ್ತು. ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಸತ್ತಿತ್ತು. ಹಳೇ ಗ್ರೀಸು ಮಸಿಯಾಗಿ ಅಂಟಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಬೆಂಕಿಪೊಟ್ಟಣದ ಗೀರುವ ಬದಿಯಿಂದ ಉಜ್ಜಿದೆ. ತಾಮ್ರ ಹೊಳೆಯಿತು, ಆದರೆ ಸವೆದ ಕಡೆ ಎದುರಿನ ತುದಿಯನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ನನ್ನ ಹಳೇ ಕೆಲಸದ ಡಬ್ಬಿಯಲ್ಲಿದ್ದ ದಪ್ಪ ತಂತಿಯ ಚೂರನ್ನು ಸುತ್ತಿಗೆಯಲ್ಲಿ ತಟ್ಟಿ ಚಪ್ಪಟೆ ಮಾಡಿ, ಉಗುರಿನಷ್ಟು ಕತ್ತರಿಸಿ, ಸವೆದ ತುದಿಗೆ ಬೆಸೆಯಲು ಸಿದ್ಧ ಮಾಡಿಕೊಂಡೆ.

ಕರೆಂಟು ಇರಲಿಲ್ಲ. ಬೆಂಕಿಯಲ್ಲಿ ಕಾಯಿಸುವ ತಾಮ್ರದ ಮೂತಿಯ ಬೆಸುಗೆ ಕಬ್ಬಿಣ ನನ್ನಲ್ಲಿದೆ. ಭಾನುವಾರದ ಊಟಕ್ಕೆ ನೆಲದ ಕುಳಿಯಲ್ಲಿ ಉಮು ಒಲೆ ಹಾಕಿದ್ದೆ. ಕಾದ ಕಲ್ಲುಗಳ ಮೇಲೆ ಗೆಣಸು, ಕೆಸುವಿನೆಲೆಯ ಪೊಟ್ಟಣಗಳನ್ನು ಇಟ್ಟು ಮುಚ್ಚಿಯಾಗಿತ್ತು, ಪಕ್ಕಕ್ಕೆ ಎಳೆದ ಕೆಂಡ ಹಾಗೇ ಇತ್ತು. ಕಬ್ಬಿಣವನ್ನು ಅದರಲ್ಲಿ ಇಟ್ಟೆ. ಊರಿನ ಪ್ರತಿ ಮನೆಯಲ್ಲೂ ಅಂದು ಅದೇ ಬೆಂಕಿ ಉರಿಯುತ್ತಿತ್ತು. ಊಟ ಬೇಯಿಸುವ ಬೆಂಕಿ ಕೆಲಸವಲ್ಲ, ಅದೇ ಬೆಂಕಿಯಲ್ಲಿ ಕಬ್ಬಿಣ ಕಾಯಿಸಿದರೆ ಕೆಲಸ ಎಂದು ಯಾರಾದರೂ ಹೇಳುವುದಾದರೆ, ಕಾನೂನು ಎಲ್ಲಿಂದ ಎಲ್ಲಿಗೆ ಎಂದು ಅವರೇ ಗೆರೆ ಎಳೆದು ತೋರಿಸಲಿ.

9.05ಕ್ಕೆ ಫಿನೆಹಾಸಿ ಚರ್ಚಿಗೆ ಹೋಗುವ ದಾರಿಯಲ್ಲಿ ನನ್ನ ಅಂಗಳಕ್ಕೆ ಬಂದ. ಕಪ್ಪು ಕೋಟು, ಸೊಂಟಕ್ಕೆ ನಮ್ಮ ಪದ್ಧತಿಯಂತೆ ಸುತ್ತಿದ ಚಾಪೆ, ಕಂಕುಳಲ್ಲಿ ಪ್ರಾರ್ಥನೆ ಪುಸ್ತಕ. ಬೆಸುಗೆಯ ಹೊಗೆ ನನ್ನ ಮುಖದ ಮುಂದೆಯೇ ಇತ್ತು. ಮುಚ್ಚಿಡಲು ನಾನು ಪ್ರಯತ್ನಿಸಲಿಲ್ಲ.

"ಅತ್ತೆ, ಏನಿದು?"

"ವೈಪರ್ ಸ್ವಿಚ್ಚು."

"ಇವತ್ತು ಯಾವ ದಿನ ಅಂತ ಗೊತ್ತಿದೆ ತಾನೆ?"

"ಹನ್ನೊಂದು ಜನ ನಡೀಲಾರದೋರು ದಡದಲ್ಲಿ ಬಿದ್ದಿರೋ ದಿನ."

"ದೇವರು ನೋಡ್ಕೋತಾನೆ. ನಾವು ಪ್ರಾರ್ಥನೆ ಮಾಡ್ತಿದೀವಿ."

"ಮಾಡಿ. ನಂದೂ ಒಂದು ಸೇರಿಸ್ಕೊ. ಒಂದು ಸ್ಪ್ರಿಂಗ್ ಬೇಕಿತ್ತು, ಗ್ಯಾರೇಜಿಂದ ಕೊಡ್ತೀಯಾ?"

ಭಾನುವಾರ ಗ್ಯಾರೇಜಿನ ಬಾಗಿಲು ತೆಗೆಯುವುದಿಲ್ಲ ಎಂದು ಅವನು ಹೇಳಿದ. ಅದು ಅವನ ನಂಬಿಕೆ, ನನಗೆ ಸಿಟ್ಟು ಬರಲಿಲ್ಲ. ನಾನು ನನ್ನ ಬರೆಯುವ ಪೆನ್ನು ಬಿಚ್ಚಿ ಅದರ ಸ್ಪ್ರಿಂಗನ್ನು ಎರಡು ಸುತ್ತು ಕತ್ತರಿಸಿ ಹಾಕಿದೆ. ಅವನು ನೋಡುತ್ತಲೇ ನಿಂತಿದ್ದ. ಮೆಕ್ಯಾನಿಕ್ ಆದವನಿಗೆ ನೋಡದೆ ಇರಲು ಆಗುವುದಿಲ್ಲ.

ನಿನ್ನ ಅಮ್ಮನನ್ನು ಎಷ್ಟು ಹೊತ್ತಿಗೆ ಸಾಗಿಸುತ್ತೀಯ ಎಂದು ಆಗ ನಾನು ಕೇಳಿದೆ. ಕಲಿಸಿಯವರಿಗೆ 71 ವರ್ಷ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗಾಲು ಎತ್ತಲಾರರು. ಅವನ ಮನೆಯಿಂದ ಸಮುದ್ರಕ್ಕೆ 40 ಮೀಟರ್. ಅಮ್ಮ ಎಲ್ಲಿಗೂ ಹೋಗುವುದಿಲ್ಲ, ಸಿಮೆಂಟು ಮನೆ, ಪ್ರಾರ್ಥನೆ ಮುಗಿದ ಮೇಲೆ ತಾನು ಅವರ ಜೊತೆಗೇ ಇರುತ್ತೇನೆ ಎಂದ. ಅಮ್ಮನನ್ನು ಕೇಳಿದೆಯಾ ಎಂದೆ. ಅವನು ತಿರುಗಿ, "ಆ ಸ್ವಿಚ್ಚಿಗೆ ಬೆಂಕಿ ಹತ್ತಿದ್ರೆ ಯಾರು ಹೊಣೆ?" ಎಂದು ಕೇಳಿದ.

"ನಾನೇ. ಬರ್ಕೊ ಬೇಕಾದ್ರೆ."

"ಬರೆಸ್ತೀನಿ ಅತ್ತೆ" ಎಂದು ಹೇಳಿ ಹೋದ. ಹೇಳಿದಂತೆ ಬರೆಸಿದ್ದಾನೆ.

9.25ಕ್ಕೆ ಸ್ವಿಚ್ಚನ್ನು ಮುಚ್ಚಿ, ಗಾಡಿಗೆ ಹಾಕುವ ಮೊದಲು ಟಾರ್ಚಿನ ಬಲ್ಬು ಮತ್ತು ಬ್ಯಾಟರಿ ಕಟ್ಟಿ ಕಡ್ಡಿಯನ್ನು ಐವತ್ತು ಸಲ ಆಡಿಸಿದೆ. ಐವತ್ತು ಸಲವೂ ಬಲ್ಬು ಹತ್ತಿತು. 9.40ಕ್ಕೆ ಗಾಡಿಗೆ ಹಾಕಿ, ಬ್ಯಾಟರಿ ತಂತಿ ಜೋಡಿಸಿ, ಕಡ್ಡಿ ಎತ್ತಿದೆ. ನಿಧಾನದ ವೇಗವೂ ಬಂತು, ಜೋರಿನದೂ ಬಂತು. ಪೆಸೆಟಿ ಛತ್ರಿ ಮಡಿಸಿಬಿಟ್ಟು ಮಳೆಯಲ್ಲೇ ನಿಂತು ನಕ್ಕ. ಇಷ್ಟಕ್ಕೆ ಖರ್ಚಾದದ್ದು ಒಂದು ಪೆನ್ನು.

9.55ರಿಂದ 11.45ರ ಒಳಗೆ ಎರಡು ಸಲ ಹೋಗಿ ಬಂದು ಏಳು ಜನರನ್ನು ಹಾಲ್‌ಗೆ ಮುಟ್ಟಿಸಿದೆವು. 12.10ಕ್ಕೆ ಫಿನೆಹಾಸಿಯ ಮನೆ ಮುಂದೆ ವ್ಯಾನು ನಿಲ್ಲಿಸಿ ನಾನೊಬ್ಬಳೇ ಒಳಗೆ ಹೋದೆ. ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ, ಹಾಡು ಅಲ್ಲಿಗೆ ಕೇಳುತ್ತಿತ್ತು. ಕಲಿಸಿ ಅತ್ತಿಗೆ ಒಬ್ಬರೇ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಅಲೆ ಹೊಡೆದಾಗಲೆಲ್ಲ ಚಾಪೆಯ ಅಂಚನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಬರುತ್ತೀರಾ ಎಂದು ಕೇಳಿದೆ.

"ಬೆಳಿಗ್ಗೆಯಿಂದ ಯಾರೂ ಕೇಳ್ಲೇ ಇಲ್ವಲ್ಲೇ ಲುಪೆ" ಎಂದರು. "ಕರ್ಕೊಂಡು ಹೋಗು. ಅವನು ಕೇಳಿದ್ರೆ ನಾನೇ ಬಂದೆ ಅನ್ನು."

"ಹಾಗನ್ನಲ್ಲ ಅತ್ತಿಗೆ. ನಾನೇ ಹೊತ್ಕೊಂಡು ಬಂದೆ ಅಂತೀನಿ."

"ಹೊರೋದಕ್ಕೆ ಆಗುತ್ತೇನೇ ನಿನ್ಕೈಲಿ? ಮೊದಲಿನ ಹಾಗಿಲ್ಲ ನಾನು, ದಪ್ಪ ಆಗಿದೀನಿ."

ಬೆನ್ನ ಮೇಲೆ ಹಾಕಿಕೊಂಡೆ. ಬಾಗಿಲಿನಿಂದ ವ್ಯಾನಿಗೆ 22 ಹೆಜ್ಜೆ. ಅರ್ಧ ದಾರಿಯಲ್ಲಿ, ಬೆನ್ನು ಕೆರೆಯುವ ಕಡ್ಡಿ ಮರೆತೆ, ತಿರುಗು ಎಂದರು. ತಿರುಗಿ ಹೋಗಿ ಅದನ್ನೂ ತಂದೆ. ಇದು ಬಲವಂತವೋ ಅಲ್ಲವೋ ಎಂದು ಸಾಹೇಬರು ಅವರನ್ನೇ ಕೇಳಬಹುದು. ಮಾತು ಸ್ವಲ್ಪ ತೊದಲುತ್ತದೆ, ಬುದ್ಧಿ ಸರಿಯಾಗಿಯೇ ಇದೆ.

ದಾರಿಯಲ್ಲಿ ಇನ್ನೂ ಮೂವರನ್ನು ಹತ್ತಿಸಿಕೊಂಡೆವು. 12.40ಕ್ಕೆ ಸಮುದ್ರದ ಬದಿಯ ತಿರುವಿಗೆ ಬಂದಾಗ ಮಳೆ ಅತಿ ಜೋರಾಗಿತ್ತು. ಪೆಸೆಟಿ ವೈಪರನ್ನು ಜೋರಿನ ವೇಗಕ್ಕೆ ಹಾಕಿದ್ದ. ತಿರುವು ದಾಟುವಷ್ಟರಲ್ಲಿ ಹಲಸಿನ ಜಾತಿಯ ಮರದ ಒಂದು ದೊಡ್ಡ ಕೊಂಬೆ ದಾರಿಗೆ ಅಡ್ಡ ಬಿದ್ದಿರುವುದು ಸುಮಾರು 15 ಮೀಟರ್ ಮುಂದೆ ಕಾಣಿಸಿತು. ಅವನು ಬ್ರೇಕ್ ಒತ್ತಿದ. ಮಣ್ಣಿನಲ್ಲಿ ಗಾಡಿ ಜಾರಿ, ಕೊಂಬೆಗೆ ಮೂರು ಮೀಟರ್ ಇದ್ದಾಗ ನಿಂತಿತು. ವೈಪರ್ ಆಡುತ್ತಲೇ ಇತ್ತು. ನಾವಿಬ್ಬರೂ ಇಳಿದು, ಹತ್ತು ನಿಮಿಷ ಎಳೆದು, ಕೊಂಬೆಯನ್ನು ಪಕ್ಕಕ್ಕೆ ಹಾಕಿದೆವು. 1.15ಕ್ಕೆ ಹಾಲ್ ತಲುಪಿದೆವು.

ಇನ್ನು ಚಂಡಮಾರುತದ ವಿಷಯ. ಅದು ಬರಲಿಲ್ಲ. 4 ಗಂಟೆಗೆ ಗಾಳಿ ಇಳಿಯಿತು. ದಕ್ಷಿಣಕ್ಕೆ ತಿರುಗಿ ತೆರೆದ ಸಮುದ್ರಕ್ಕೆ ಹೋಯಿತೆಂದು ರೇಡಿಯೋದಲ್ಲಿ ಹೇಳಿದರು. ಅಲೆ ದಡದ ರಸ್ತೆಯವರೆಗೆ ಬಂದು ಹಿಂದೆ ಹೋಯಿತು, ಒಂದು ಮನೆಗೂ ನೀರು ನುಗ್ಗಲಿಲ್ಲ. ಹಾಲ್‌ನಲ್ಲಿ ಸುಮಾರು ಎಂಬತ್ತು ಜನ ಇದ್ದರು. ಮೊದಲು ಎಲ್ಲರೂ ಹಾಡಿದರು, ಆಮೇಲೆ ನಗಲು ಶುರು ಮಾಡಿದರು. "ಟೊಕಿಲುಪೆ ಸ್ಕ್ರೂಡ್ರೈವರ್ ನೋಡೇ ಗಾಳಿ ಓಡಿಹೋಯ್ತು" ಎಂದು ಯಾರೋ ಅಂದರು. ನನಗೂ ನಗು ಬಂತು.

4.30ಕ್ಕೆ ಫಿನೆಹಾಸಿ ಗುಡ್ಡ ಹತ್ತಿಕೊಂಡು ನಡೆದೇ ಬಂದ. ಕೋಟು ಪೂರ್ತಿ ನೆನೆದಿತ್ತು. ಖಾಲಿ ಮನೆ ನೋಡಿ ಊರೆಲ್ಲ ಹುಡುಕಿದ್ದಾಗಿ ಆಮೇಲೆ ತಿಳಿಯಿತು. ಆ ನಾಲ್ಕು ಗಂಟೆ ಅವನಿಗೆ ಹೇಗಿತ್ತು ಎಂಬುದು ನನಗೆ ಅರ್ಥವಾಗುತ್ತದೆ. ಬಾಗಿಲಿಗೆ ಒಂದು ಚೀಟಿ ಸಿಕ್ಕಿಸಬೇಕಿತ್ತು. ಪೆನ್ನು ಬಿಚ್ಚಿ ಹಾಕಿದ್ದೆ ಎಂಬುದು ನೆಪವಲ್ಲ, ನನಗೆ ಹೊಳೆಯಲೇ ಇಲ್ಲ. ಇದೊಂದು ತಪ್ಪನ್ನು ಒಪ್ಪುತ್ತೇನೆ.

ಆದರೆ ಅವನು ಎಲ್ಲರ ಮುಂದೆ ನನ್ನ ಎದುರು ನಿಂತುಕೊಂಡೇ ಮಾತಾಡಿದ. ನಮ್ಮಲ್ಲಿ ಸೋದರತ್ತೆಯ ಎದುರು ಅಣ್ಣನ ಮಕ್ಕಳು ಕೂತು ಮಾತಾಡುತ್ತಾರೆ. ನಲವತ್ತೇಳು ವರ್ಷ ಅವನು ಹಾಗೇ ಮಾಡಿದ್ದಾನೆ. ಅಂದು, "ದೇವರ ದಿನ ಮುರಿದ್ರಿ, ನಮ್ಮಮ್ಮನ್ನ ಕದ್ರಿ, ಏನ್ ಸಿಕ್ತು? ಬಿಸಿಲು!" ಎಂದು ಕೂಗಿದ. ಹೊರಗೆ ನಿಜವಾಗಿಯೂ ಬಿಸಿಲು ಬಂದಿತ್ತು. ಗೋಡೆಗೆ ಒರಗಿ ಕೂತಿದ್ದ ಕಲಿಸಿ ಅತ್ತಿಗೆ, "ಬಯ್ಯೋದಾದ್ರೆ ಕೂತ್ಕೊಂಡು ಬಯ್ಯಿ" ಎಂದರು. ಅವನು ಕೂರಲಿಲ್ಲ. ದೂರಿನಲ್ಲಿ ಬರೆದ ಯಾವ ಮಾತೂ ನನಗೆ ನೋವು ಮಾಡಿಲ್ಲ. ಅದು ಮಾಡಿತು. ಸಂಜೆ 5.30ಕ್ಕೆ ಅವನು ತಾಯಿಯನ್ನು ಮನೆಗೆ ಕರೆದುಕೊಂಡು ಹೋದ, ನಮ್ಮ ವ್ಯಾನಿನಲ್ಲಿ ಅಲ್ಲ, ಪಿಕಪ್ ತರಿಸಿ ಅದರ ಮುಂದಿನ ಸೀಟಿನಲ್ಲಿ.

ದಿನಾಂಕ 6-3-2017, ಸೋಮವಾರ, ದೂರು ದಾಖಲಾಯಿತು. ಗಾಡಿ ಪರೀಕ್ಷಿಸಲು ಊರಲ್ಲಿ ಬೇರೆ ಮೆಕ್ಯಾನಿಕ್ ಇಲ್ಲದ ಕಾರಣ, ಮಧ್ಯಾಹ್ನ 3 ಗಂಟೆಗೆ ಕಾನ್‌ಸ್ಟೆಬಲ್ ಹೇಕಿ ಅವರು ಫಿನೆಹಾಸಿಯನ್ನೇ ಕರೆಸಿದರು. ನಾನು ಆಕ್ಷೇಪಿಸಲಿಲ್ಲ. ಅವನು ಹೊದಿಕೆ ತೆಗೆದು, ವೈಪರನ್ನು ಜೋರಿನ ವೇಗಕ್ಕೆ ಹಾಕಿ, ಗಾಜಿನ ಮೇಲೆ ನೀರು ಬಿಡುತ್ತಾ, 40 ನಿಮಿಷ ಓಡಿಸಿದ. ಐದೈದು ನಿಮಿಷಕ್ಕೊಮ್ಮೆ ಸ್ವಿಚ್ಚಿಗೂ ತಂತಿಗೂ ಬೆರಳು ಹಚ್ಚಿ ನೋಡಿದ. ಆಮೇಲೆ ಬಿಚ್ಚಿ ಒಳಗಿನ ಬೆಸುಗೆಯನ್ನು ಕನ್ನಡಕ ಹಾಕಿಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಇದು ಅಪಾಯವೇ ಎಂದು ಕಾನ್‌ಸ್ಟೆಬಲ್ ಕೇಳಿದ್ದಕ್ಕೆ, "ಇಲ್ಲ ಸಾರ್. ಬಿಸಿ ಆಗ್ತಿಲ್ಲ. ಬೆಸುಗೆ ನನ್ನದಕ್ಕಿಂತ ಚೆನ್ನಾಗಿದೆ. ಗಾಡಿ ಆರೋಪ ಹೊಡೆದು ಹಾಕಿ" ಎಂದ. ಹಾಗಾದರೆ ದೂರನ್ನೇ ವಾಪಸು ತೆಗೆದುಕೊಳ್ಳುತ್ತೀರಾ ಎಂದು ಅವರು ಕೇಳಿದರು. "ಭಾನುವಾರ ಭಾನುವಾರಾನೇ ಸಾರ್" ಎಂದ. ಅವನ ಜಾಗದಲ್ಲಿ ನಾನಿದ್ದರೂ ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಮನೆತನದವನೇ.

ಈ ಹೇಳಿಕೆಯನ್ನು ಇಲ್ಲಿಯವರೆಗೆ ಬರೆದುಕೊಂಡ ಮೇಲೆ ಕಾನ್‌ಸ್ಟೆಬಲ್ ಹೇಕಿ ಅವರು ಪೆನ್ನು ಕೆಳಗಿಟ್ಟು, "ಅಮ್ಮಾ, ಒಂದು ಸಾಲು ಸೇರಿಸ್ತೀನಿ. ಇಲ್ಲಿಗೇ ಮುಗಿದು ಹೋಗುತ್ತೆ, ಕೋರ್ಟು ಗೀರ್ಟು ಏನೂ ಬೇಡ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿ, ಕೆಳಗಿನ ಸಾಲನ್ನು ಬರೆದು ಓದಿದರು:

ಭಾನುವಾರ ಕೆಲಸ ಮಾಡಿದ್ದಕ್ಕೆ ವಿಷಾದಿಸುತ್ತೇನೆ, ಮುಂದೆ ಹೀಗೆ ಮಾಡುವುದಿಲ್ಲ.

ಈ ಸಾಲನ್ನು ಹೊಡೆದು ಹಾಕಬೇಕೆಂದು ನಾನು ಹೇಳಿದೆ. ಯೋಚನೆ ಮಾಡಿ ಎಂದು ಅವರು ಎದ್ದು ಹೋಗಿ ಚಹಾ ತಂದುಕೊಟ್ಟರು. ಚಹಾ ಕುಡಿದೆ. ಯೋಚನೆಯನ್ನೂ ಮಾಡಿದೆ. ಮಾಡಿ, ಆ ಸಾಲಿನ ಬದಲು ಹೀಗೆ ಬರೆಸಿದ್ದೇನೆ: ಭಾನುವಾರದ ಕಾನೂನು ನನಗೆ ಗೊತ್ತಿದೆ, ಗೊತ್ತಿದ್ದೇ ಮಾಡಿದ್ದೇನೆ. ಇನ್ನೊಂದು ಭಾನುವಾರ ರೇಡಿಯೋದಲ್ಲಿ ಹೀಗೇ ಹೇಳಿದರೆ ಹೀಗೇ ಮಾಡುತ್ತೇನೆ. ಗಾಳಿ ಬಾರದಿದ್ದರೆ ದೇವರಿಗೆ ವಂದಿಸುತ್ತೇನೆ, ಕ್ಷಮೆ ಕೇಳುವುದಿಲ್ಲ. ಚೀಟಿ ಬರೆದಿಡದ ತಪ್ಪಿಗೆ ಫಿನೆಹಾಸಿಯ ಕ್ಷಮೆ ಕೇಳಲು ಸಿದ್ಧಳಿದ್ದೇನೆ. ಅವನು ನನ್ನ ಮನೆಗೆ ಬಂದು, ಎದುರಿಗೆ ಕೂತರೆ, ಕೇಳುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳದ ಮಾತು ಇದರಲ್ಲಿ ಒಂದೇ ಒಂದು ಇತ್ತು, ಅದನ್ನು ಹೊಡೆದು ಹಾಕಿಸಿ ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಉಳಿದದ್ದೆಲ್ಲ ನಡೆದದ್ದೇ.

ಸ್ಥಳ: ಫಾಂಗಾತವಾ ಹೊರಠಾಣೆ
ದಿನಾಂಕ: 7-3-2017, ಮಂಗಳವಾರ, ಬೆಳಿಗ್ಗೆ 11.20

ಸಹಿ: ಟೊಕಿಲುಪೆ ಮಾನುಮುವಾ
ನನ್ನ ಸಮಕ್ಷಮ ಬರೆದುಕೊಂಡದ್ದು: ಹೇಕಿ, ಕಾನ್‌ಸ್ಟೆಬಲ್